ಜಿಮ್ ಥಾರ್ಪ್: ಐತಿಹ್ಯ ಮತ್ತು ಇತಿಹಾಸ

೧

ಕ್ರೀಡಾಪಟುಗಳ ಜೀವನವನ್ನು ಇತಿಹಾಸದ ವಿದ್ಯಾರ್ಥಿಗಳು ತಮ್ಮ ಅಧ್ಯಯನದ ವಸ್ತುವಾಗಿ ಗಣಿಸುವುದು ವಿರಳ. ಅದನ್ನು ವೃತ್ತಪತ್ರಿಕೆಗಳ ಕ್ರೀಡಾಪುಟಕ್ಕೂ ಅಭಿಮಾನಿಗಳ ನೆನಪಿಗೂ ಬಿಟ್ಟುಕೊಟ್ಟು ನಾವು ಸುಮ್ಮನಿರುವುದು ವಾಡಿಕೆ. ಇದರ ಫಲವಾಗಿ, ಪಟುವು ಕಣ್ಮರೆಯಾದ ಒಂದೆರಡು ತಲೆಮಾರುಗಳೊಳಗೆ ಅವನ ಸುತ್ತ ಕಥೆಗಳು ಹುತ್ತಗಟ್ಟುತ್ತವೆ. ಹುತ್ತದೊಳಗೆ ಮನುಷ್ಯನಿದ್ದನೆಂಬುದು ಮರೆತುಹೋಗಿ, ಹುತ್ತಕ್ಕೇ ಪೂಜೆ ಸಲ್ಲತೊಡಗುತ್ತದೆ. ಅಮೆರಿಕದ ಕಾಲೇಜು ಫುಟ್‌ಬಾಲಿನ ಮಹಾವೀರನೆಂದು ಖ್ಯಾತಿವೆತ್ತ ಜಿಮ್ ಥಾರ್ಪ್‌ನ ವಿಷಯದಲ್ಲಿ ಹೀಗೆಯೇ ಆಯಿತು. ಫುಟ್‌ಬಾಲ್, ಬೇಸ್‌ಬಾಲ್, ಓಟ, ಜಿಗಿತ, ಎಸೆತ ಇವೆಲ್ಲದರಲ್ಲಿಯೂ ಸಮಾನವಾದ ಕೈಚಳಕವನ್ನು ತೋರಿದ ಇಂತಹ ಇನ್ನೊಬ್ಬ ಪಟುವನ್ನು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೆಸರಿಸುವುದು ಕಷ್ಟ. ಆದರೆ ಅವನ ಜೀವನದ ಚಾರಿತ್ರಿಕ ಮಹತ್ವವು ಈ ಬಹುಮುಖ ಸಾಮರ್ಥ್ಯದಲ್ಲಿ ಮಾತ್ರ ಅಡಗಿಲ್ಲ. ಗೆದ್ದ ಪದಕಗಳನ್ನು ಅವನಿಂದ ಕಸಿದುಕೊಂಡದ್ದು ಯಾವ ನಿಯಮದ ಬಲದಿಂದ, ಆ ನಿಯಮವನ್ನು ಯಾರು ಯಾರ ಮೇಲೆ ಹೂಡಿದರು, ಅನ್ಯಾಯವನ್ನು ಸರಿಪಡಿಸಲು ೧೦೯ ವರ್ಷಗಳು ಏಕೆ ಬೇಕಾದವು ಎಂಬ ಪ್ರಶ್ನೆಗಳು ಕ್ರೀಡಾಂಗಣದ ಗೆರೆಯನ್ನು ದಾಟಿ ಒಂದು ಸಮಾಜದ ನ್ಯಾಯಬುದ್ಧಿಯನ್ನೇ ಪರೀಕ್ಷಿಸುವಂತಹವು.

ಥಾರ್ಪ್‌ನನ್ನು ಕುರಿತ ಐತಿಹ್ಯವು ಎರಡು ಮಾತುಗಳ ಮೇಲೆ ನಿಂತಿದೆ. ಅವನು ಅಭ್ಯಾಸವಿಲ್ಲದೆ ಗೆದ್ದ ಸಹಜಪ್ರತಿಭೆ ಎಂಬುದು ಮೊದಲನೆಯದು. ನಿಯಮವನ್ನರಿಯದೆ ತಪ್ಪುಮಾಡಿದ ಮುಗ್ಧ ಎಂಬುದು ಎರಡನೆಯದು. ಮೇಲುನೋಟಕ್ಕೆ ಇವೆರಡೂ ಸಹಾನುಭೂತಿಯ ಮಾತುಗಳೇ. ಆದರೆ ಮೊದಲನೆಯದು ಅವನ ಶ್ರಮವನ್ನೂ ಎರಡನೆಯದು ಅವನ ಹಕ್ಕನ್ನೂ ಮರೆಮಾಡುತ್ತವೆ ಎಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

೨

ಥಾರ್ಪ್‌ನು ಜನಿಸಿದುದು ಇಂದಿನ ಓಕ್ಲಹೋಮಾ ರಾಜ್ಯದ ಪ್ರದೇಶದಲ್ಲಿ. ಆಗ ಅದಕ್ಕೆ ಇಂಡಿಯನ್ ಟೆರಿಟರಿ ಎಂದು ಹೆಸರು. ಇಲ್ಲಿ ಇಂಡಿಯನ್ ಎಂಬ ಶಬ್ದವು ಕೊಲಂಬಸನ ಕಾಲದಿಂದ ಅಮೆರಿಕದ ಮೂಲನಿವಾಸಿಗಳಿಗೆ ಅಂಟಿಕೊಂಡುಬಂದ ತಪ್ಪು ಹೆಸರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಡಬೇಕು. ಅವನು ಸ್ಯಾಕ್ ಅಂಡ್ ಫಾಕ್ಸ್ ಎಂಬ ಜನಾಂಗಕ್ಕೆ ಸೇರಿದವನು. ತಾಯಿಯ ಕಡೆಯಿಂದ ಪೊಟವಾಟಮಿ ಜನಾಂಗದ ಸಂಬಂಧವೂ ಇತ್ತು. ಹುಟ್ಟಿದ ವರ್ಷ ೧೮೮೭ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆಯಾದರೂ ೧೮೮೮ ಎಂದು ಹೇಳುವವರೂ ಉಂಟು. ಅವನ ಜನಾಂಗದವರು ಇಟ್ಟ ಹೆಸರು ವಾ-ಥೊ-ಹಕ್. ಬೆಳಕಿನ ಹಾದಿ ಎಂದು ಅದರ ಅರ್ಥವನ್ನು ಹೇಳುತ್ತಾರೆ.

೧೮೮೭ ಎಂಬುದು ಇನ್ನೊಂದು ಕಾರಣದಿಂದಲೂ ಸ್ಮರಣೀಯವಾದ ವರ್ಷ. ಮೂಲನಿವಾಸಿಗಳು ಸಾಮುದಾಯಿಕವಾಗಿ ಹೊಂದಿದ್ದ ಭೂಮಿಯನ್ನು ತುಂಡುಮಾಡಿ ತಲೆಗಿಷ್ಟೆಂದು ಹಂಚಿ, ಉಳಿದುದನ್ನು ಬಿಳಿಯ ವಲಸೆಗಾರರಿಗೆ ತೆರೆಯಲು ಅವಕಾಶವಿತ್ತ ಡಾಸ್ ಶಾಸನವು ಜಾರಿಗೆ ಬಂದುದು ಅದೇ ವರ್ಷ. ಅದರಂತೆ ೧೮೯೧ರ ಸೆಪ್ಟೆಂಬರಿನಲ್ಲಿ ಸ್ಯಾಕ್ ಅಂಡ್ ಫಾಕ್ಸ್ ಜನರ ಉಳಿದ ನೆಲವು ವಲಸೆಗಾರರ ಪಾಲಾಯಿತು. ಕುದುರೆ ಗಾಡಿಗಳನ್ನೇರಿ ಸಾಲಾಗಿ ನಿಂತಿದ್ದ ಜನ, ಸನ್ನೆಯಾದೊಡನೆ ಓಡಿಬಂದು ಮೊದಲು ಮುಟ್ಟಿದ ನೆಲವನ್ನು ತಮ್ಮದೆಂದು ಗುರುತುಹಾಕಿಕೊಂಡರು. ಮುಂದೆ ಜಗತ್ತಿನ ಓಟಗಾರರನ್ನೆಲ್ಲ ಹಿಂದೆ ಹಾಕಲಿದ್ದ ಬಾಲಕನ ಮನೆಯ ಸುತ್ತಲಿನ ನೆಲ ಹೀಗೆ ಇತರರ ಓಟದ ಪಂದ್ಯಕ್ಕೆ ಪಣವಾಯಿತು.

ಬಾಲ್ಯದಲ್ಲಿಯೇ ಅವಳಿ ಸೋದರನನ್ನೂ ಅನಂತರ ತಾಯಿಯನ್ನೂ ಕಳೆದುಕೊಂಡ ಥಾರ್ಪ್ ಶಾಲೆಗಳಿಂದ ಪದೇಪದೇ ಓಡಿಹೋಗುತ್ತಿದ್ದನು. ಕಾನ್ಸಸ್ ರಾಜ್ಯದ ಹ್ಯಾಸ್ಕೆಲ್ ಶಾಲೆಯಲ್ಲಿದ್ದಾಗ ಫುಟ್‌ಬಾಲಿನ ಪರಿಚಯವಾಯಿತು. ೧೯೦೪ರಲ್ಲಿ ಅವನನ್ನು ಪೆನ್ಸಿಲ್ವೇನಿಯದ ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಶಾಲೆಗೆ ಕಳುಹಿಸಲಾಯಿತು. ಅದೇ ವರ್ಷ ತಂದೆಯೂ ತೀರಿಕೊಂಡನು.

೩

ಕಾರ್ಲೈಲ್ ಶಾಲೆಯ ಸ್ವರೂಪವನ್ನು ಅರಿಯದೆ ಥಾರ್ಪ್‌ನ ಕಥೆಯನ್ನು ಅರಿಯುವುದು ಸಾಧ್ಯವಿಲ್ಲ. ಇದನ್ನು ೧೮೭೯ರಲ್ಲಿ ಹಳೆಯ ಸೈನಿಕ ಬಿಡಾರವೊಂದರಲ್ಲಿ ಸ್ಥಾಪಿಸಿದವನು ಸೇನಾಧಿಕಾರಿ ರಿಚರ್ಡ್ ಹೆನ್ರಿ ಪ್ರ್ಯಾಟ್. ಅದಕ್ಕೆ ಮುನ್ನ ಅವನು ಫ್ಲಾರಿಡಾದ ಫೋರ್ಟ್ ಮೇರಿಯನ್ ಕೋಟೆಯಲ್ಲಿ ಮೂಲನಿವಾಸಿ ಯುದ್ಧಕೈದಿಗಳ ಮೇಲ್ವಿಚಾರಕನಾಗಿದ್ದನು. ಕೈದಿಗಳಿಗೆ ಇಂಗ್ಲಿಷನ್ನೂ ಸೈನಿಕ ಕವಾಯತನ್ನೂ ಕಲಿಸಿದ ಅನುಭವವೇ ಕಾರ್ಲೈಲ್ ಶಿಕ್ಷಣಕ್ರಮದ ಬೀಜ. ಸೆರೆಮನೆಯಲ್ಲಿ ಮೊಳೆತ ಪದ್ಧತಿಯು ಶಾಲೆಯಲ್ಲಿ ಹೆಮ್ಮರವಾಯಿತು. ಮೂಲನಿವಾಸಿಯೊಳಗಿನ ಮೂಲನಿವಾಸಿತನವನ್ನು ಕೊಂದು ಮನುಷ್ಯನನ್ನು ಉಳಿಸಬೇಕೆಂಬುದು ೧೮೯೨ರಲ್ಲಿ ಪ್ರ್ಯಾಟ್ ಸಾರಿದ ಧ್ಯೇಯ. ಬಂದ ಮಕ್ಕಳ ಕೂದಲನ್ನು ಕತ್ತರಿಸಿ, ಉಡುಪನ್ನು ಬದಲಿಸಿ, ಹೊಸ ಹೆಸರನ್ನಿಟ್ಟು, ತಾಯ್ನುಡಿಯನ್ನು ನಿಷೇಧಿಸಲಾಗುತ್ತಿತ್ತು. ಅರ್ಧ ದಿನ ಪಾಠ, ಅರ್ಧ ದಿನ ಕೈಕೆಲಸ. ಕೆಲವು ತಿಂಗಳುಗಳ ಕಾಲ ಬಿಳಿಯರ ಹೊಲಮನೆಗಳಲ್ಲಿ ದುಡಿಯಲು ಕಳುಹಿಸುವ ಏರ್ಪಾಡೂ ಇತ್ತು. ಥಾರ್ಪ್‌ನೂ ಹೀಗೆ ದುಡಿದವನೇ.

೧೯೧೮ರಲ್ಲಿ ಮುಚ್ಚುವವರೆಗೆ ಈ ಶಾಲೆಯಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಇದ್ದುಹೋದರು. ಕ್ಷಯ ಮೊದಲಾದ ರೋಗಗಳಿಂದ ಅಲ್ಲಿಯೇ ಮಡಿದ ಮಕ್ಕಳ ಗೋರಿಗಳ ಸಂಖ್ಯೆ ನೂರೆಂಬತ್ತಕ್ಕೂ ಮೇಲ್ಪಟ್ಟಿತ್ತು. ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಕಾರ್ಲೈಲ್ ಕಾಲೇಜಾಗಿರಲಿಲ್ಲ, ಕಾಲೇಜಿಗಿಂತ ಕೆಳಮಟ್ಟದ ಕೈಗಾರಿಕಾ ಶಾಲೆಯಾಗಿತ್ತು. ಆದರೂ ಅದರ ಫುಟ್‌ಬಾಲ್ ತಂಡವು ಹಾರ್ವರ್ಡ್, ಪೆನ್ಸಿಲ್ವೇನಿಯ ಮುಂತಾದ ವಿಶ್ವವಿದ್ಯಾನಿಲಯಗಳೊಡನೆ ಸೆಣಸುತ್ತಿತ್ತು. ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲಿ ಅಗ್ರಸ್ಥಾನ ಪಡೆದ ಥಾರ್ಪ್‌ನಿಗೆ ಅಲ್ಲಿ ದೊರೆತುದು ಕಾಲೇಜು ಶಿಕ್ಷಣವಲ್ಲ. ಮೈದಾನದಲ್ಲಿ ಸಮಾನರೆಂದು ಒಪ್ಪಿದವರನ್ನು ತರಗತಿಯಲ್ಲಿ ಸಮಾನರೆಂದು ಒಪ್ಪದಿದ್ದ ವ್ಯವಸ್ಥೆಯದು.

೪

ಅಮೆರಿಕದ ಫುಟ್‌ಬಾಲು ನಮ್ಮ ಕಾಲೇಜುಗಳಲ್ಲಿ ಆಡುವ ಕಾಲ್ಚೆಂಡಾಟಕ್ಕಿಂತ ಭಿನ್ನವಾದುದು. ರಗ್ಬಿಯಿಂದ ಕವಲೊಡೆದ ಈ ಆಟದಲ್ಲಿ ಪಕ್ಷಕ್ಕೆ ಹನ್ನೊಂದು ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಸಾಲನ್ನು ಭೇದಿಸಿ ಅವರ ಕೊನೆಯ ಗೆರೆಯನ್ನು ದಾಟಿದರೆ ಟಚ್‌ಡೌನ್. ಚೆಂಡನ್ನು ಒದ್ದು ಗೋಲು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹಾಯಿಸಿದರೆ ಫೀಲ್ಡ್‌ಗೋಲ್. ಇಪ್ಪತ್ತನೆಯ ಶತಮಾನದ ಮೊದಲಿಗೆ ಇದು ಪ್ರಾಣಾಪಾಯದ ಆಟವಾಗಿತ್ತು. ಆಟಗಾರರ ಸಾವುನೋವುಗಳಿಂದ ದೇಶದಲ್ಲಿ ಕೋಲಾಹಲವೆದ್ದು, ೧೯೦೬ರಲ್ಲಿ ನಿಯಮಗಳನ್ನು ತಿದ್ದಲಾಯಿತು. ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಆಗ ಅನುಮತಿ ದೊರೆಯಿತು. ಮೈಭಾರದಲ್ಲಿ ಎದುರಾಳಿಗಳಿಗಿಂತ ಕಡಮೆಯಾದರೂ ವೇಗದಲ್ಲಿ ಮಿಗಿಲಾಗಿದ್ದ ಕಾರ್ಲೈಲ್ ತಂಡಕ್ಕೆ ಇದು ವರವಾಯಿತು. ಗ್ಲೆನ್ ವಾರ್ನರ್ ಎಂಬ ಚತುರ ಶಿಕ್ಷಕನ ಕೈಯಲ್ಲಿ ಪಳಗಿದ ಆ ತಂಡವು ೧೯೦೭ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವನ್ನು ೨೬-೬ರಿಂದ ಮಣಿಸಿದಾಗ, ಮುಂದಕ್ಕೆಸೆಯುವ ಈ ತಂತ್ರವನ್ನು ಬಳಸಿದ ಬಗೆಯನ್ನು ಕಂಡು ಜನ ಬೆರಗಾದರು. ಆಧುನಿಕ ಅಮೆರಿಕನ್ ಫುಟ್‌ಬಾಲಿನ ರೂಪುರೇಷೆಗಳಲ್ಲಿ ಈ ಶಾಲೆಯ ಹುಡುಗರ ಪಾಲು ದೊಡ್ಡದು.

ಥಾರ್ಪ್‌ನ ಪ್ರವೇಶವನ್ನು ಕುರಿತು ಒಂದು ಪ್ರಸಿದ್ಧ ಕಥೆಯುಂಟು. ೧೯೦೭ರಲ್ಲಿ ಮೈದಾನದ ಬದಿಯಲ್ಲಿ ಹಾದುಹೋಗುತ್ತಿದ್ದ ಅವನು, ಎತ್ತರಜಿಗಿತದ ಪಟುಗಳಿಗೆ ದಾಟಲಾಗದಿದ್ದ ೫ ಅಡಿ ೯ ಅಂಗುಲದ ಪಟ್ಟಿಯನ್ನು ಕೆಲಸದ ಉಡುಪಿನಲ್ಲಿಯೇ ಲೀಲೆಯಾಗಿ ಹಾರಿದನಂತೆ. ಅದೇ ವರ್ಷ ಫುಟ್‌ಬಾಲ್ ತಂಡವನ್ನೂ ಸೇರಿದನು. ೧೯೦೯ರಲ್ಲಿ ಶಾಲೆಯನ್ನು ಬಿಟ್ಟು ಹೋಗಿ, ಉತ್ತರ ಕೆರೊಲಿನಾದ ಸಣ್ಣ ಊರುಗಳ ಬೇಸ್‌ಬಾಲ್ ತಂಡಗಳಲ್ಲಿ ಎರಡು ಬೇಸಗೆಗಳನ್ನು ಕಳೆದು, ೧೯೧೧ರಲ್ಲಿ ಮತ್ತೆ ಕಾರ್ಲೈಲಿಗೆ ಬಂದನು. ಈ ಬೇಸ್‌ಬಾಲಿನ ಪ್ರಸಂಗವನ್ನು ಓದುಗರು ನೆನಪಿನಲ್ಲಿಡಬೇಕು.

ಮರಳಿ ಬಂದ ವರ್ಷ ಕಾರ್ಲೈಲ್ ತಂಡವು ಹನ್ನೆರಡು ಪಂದ್ಯಗಳಲ್ಲಿ ಹನ್ನೊಂದನ್ನು ಗೆದ್ದಿತು. ಅವುಗಳಲ್ಲಿ ೧೯೧೧ರ ನವೆಂಬರ್ ೧೧ರಂದು ಹಾರ್ವರ್ಡಿನ ವಿರುದ್ಧ ನಡೆದ ಪಂದ್ಯ ಶಿಖರಪ್ರಾಯವಾದುದು. ಅಂತಿಮ ಎಣಿಕೆ ೧೮-೧೫. ಆ ಹದಿನೆಂಟರಲ್ಲಿ ಹನ್ನೆರಡು ಥಾರ್ಪ್‌ನ ನಾಲ್ಕು ಫೀಲ್ಡ್‌ಗೋಲುಗಳಿಂದ ಬಂದುವು. ನೊಂದ ಕಾಲಿಗೆ ಪಟ್ಟಿಕಟ್ಟಿಕೊಂಡು ಅವನು ಆಡಿದುದೆಂಬುದನ್ನು ನೆನೆದರೆ ಈ ಸಾಧನೆಯ ತೂಕ ಹೆಚ್ಚುತ್ತದೆ. ಆ ಕಾಲದ ಆಟಗಾರನು ದಾಳಿಗೂ ರಕ್ಷಣೆಗೂ ಬೇರೆಬೇರೆಯಾಗಿ ನಿಯಮಿತನಾಗಿರಲಿಲ್ಲ. ಓಡುವುದು, ಎಸೆಯುವುದು, ಒದೆಯುವುದು, ಎದುರಾಳಿಯನ್ನು ತಡೆದು ಕೆಡವುವುದು ಎಲ್ಲವನ್ನೂ ಅವನೇ ಮಾಡಬೇಕಿತ್ತು.

೧೯೧೨ರ ಋತುವಿನಲ್ಲಿ ಥಾರ್ಪ್ ೨೫ ಟಚ್‌ಡೌನ್‌ಗಳೊಡನೆ ೧೯೮ ಅಂಕಗಳನ್ನು ಗಳಿಸಿದನೆಂದು ಬಹುಕಾಲ ಅಚ್ಚಾಗುತ್ತ ಬಂದಿದೆ. ಅನಂತರ ಹಳೆಯ ವರದಿಗಳನ್ನು ಜಾಲಾಡಿ ಲೆಕ್ಕಹಾಕಿದವರು ಅದನ್ನು ೨೭ ಮತ್ತು ೨೨೪ ಎಂದು ತಿದ್ದಿದ್ದಾರೆ. ಐತಿಹ್ಯವು ಸದಾ ಉತ್ಪ್ರೇಕ್ಷಿಸುತ್ತದೆಯೆಂದು ನಂಬುವವರಿಗೆ ಇದು ಒಂದು ಪಾಠ: ಇಲ್ಲಿ ದಾಖಲೆಯೇ ಕೀರ್ತಿಗಿಂತ ಮುಂದಿದೆ.

ಆ ವರ್ಷ ನವೆಂಬರ್ ೯ರಂದು ವೆಸ್ಟ್‌ಪಾಯಿಂಟಿನಲ್ಲಿ ಸೈನಿಕ ಅಕಾಡೆಮಿಯ ತಂಡವನ್ನು ಕಾರ್ಲೈಲ್ ೨೭-೬ರಿಂದ ಸೋಲಿಸಿತು. ಮೂಲನಿವಾಸಿಗಳ ಮೇಲೆ ಅಮೆರಿಕದ ಸೈನ್ಯ ನಡೆಸಿದ ವೂಂಡೆಡ್ ನೀ ಹತ್ಯಾಕಾಂಡ ಸಂಭವಿಸಿದುದು ೧೮೯೦ರಲ್ಲಿ. ನಡುವೆ ಕಳೆದುದು ಇಪ್ಪತ್ತೆರಡೇ ವರ್ಷ. ಸೈನ್ಯದ ಭಾವೀ ಅಧಿಕಾರಿಗಳು ಒಂದು ಕಡೆ, ಸೈನ್ಯಕ್ಕೆ ಸೋತ ಜನಾಂಗಗಳ ಮಕ್ಕಳು ಇನ್ನೊಂದು ಕಡೆ. ಪಂದ್ಯದ ಅರ್ಥವೇನೆಂಬುದನ್ನು ಎರಡು ಪಕ್ಷದವರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೋತ ತಂಡದಲ್ಲಿದ್ದವರಲ್ಲಿ ಒಬ್ಬನು, ಮುಂದೆ ಅಮೆರಿಕದ ಅಧ್ಯಕ್ಷನಾದ ಡ್ವೈಟ್ ಐಸೆನ್‌ಹೋವರ್.

೫

ಈ ಎರಡು ಫುಟ್‌ಬಾಲ್ ಋತುಗಳ ನಡುವಣ ಬೇಸಗೆಯಲ್ಲಿ, ೧೯೧೨ರ ಜುಲೈ ತಿಂಗಳಲ್ಲಿ, ಸ್ಟಾಕ್‌ಹೋಮಿನ ಒಲಿಂಪಿಕ್ ಕ್ರೀಡೆಗಳು ಜರುಗಿದುವು. ಐದು ಸ್ಪರ್ಧೆಗಳ ಪೆಂಟಾಥ್ಲಾನಿನಲ್ಲಿ ಥಾರ್ಪ್ ಉದ್ದಜಿಗಿತ, ೨೦೦ ಮೀಟರ್ ಓಟ, ಚಕ್ರ ಎಸೆತ, ೧,೫೦೦ ಮೀಟರ್ ಓಟ ಈ ನಾಲ್ಕರಲ್ಲಿಯೂ ಮೊದಲಿಗನಾದನು. ಈಟಿ ಎಸೆತದಲ್ಲಿ ಮಾತ್ರ ಮೂರನೆಯವನು. ಅನಂತರ ಜುಲೈ ೧೩ರಿಂದ ೧೫ರವರೆಗೆ ನಡೆದ ಡೆಕಾಥ್ಲಾನಿನಲ್ಲಿ ೮,೪೧೨ ಅಂಕಗಳನ್ನು ಗಳಿಸಿ, ಎರಡನೆಯವನಾದ ಸ್ವೀಡನ್ನಿನ ಹ್ಯೂಗೊ ವೀಸ್‌ಲಾಂಡರ್‌ನನ್ನು ಸುಮಾರು ಏಳುನೂರು ಅಂಕಗಳಷ್ಟು ಹಿಂದೆ ಹಾಕಿದನು. ಹತ್ತು ಸ್ಪರ್ಧೆಗಳಲ್ಲಿ ಒಂದರಲ್ಲಿಯೂ ನಾಲ್ಕನೆಯ ಸ್ಥಾನಕ್ಕಿಂತ ಕೆಳಗಿಳಿಯಲಿಲ್ಲ. ಅದೇ ಶಾಲೆಯ ಸಹಪಾಠಿ, ಹೋಪಿ ಜನಾಂಗದ ಲೂಯಿ ಟೆವಾನಿಮಾ ೧೦,೦೦೦ ಮೀಟರ್ ಓಟದಲ್ಲಿ ಬೆಳ್ಳಿಯ ಪದಕವನ್ನು ಗೆದ್ದನು. ಅಮೆರಿಕದ ಎಲ್ಲ ಮೂಲನಿವಾಸಿಗಳಿಗೂ ಆ ದೇಶದ ಪೌರತ್ವವನ್ನು ನೀಡಿದ ಶಾಸನ ಬಂದುದು ೧೯೨೪ರಲ್ಲಿ. ಅದಕ್ಕೆ ಹನ್ನೆರಡು ವರ್ಷ ಮುಂಚೆಯೇ ಈ ಇಬ್ಬರು ಅದರ ಧ್ವಜಕ್ಕೆ ಗೌರವವನ್ನು ತಂದಿತ್ತರು.

ಬಹುಮಾನ ನೀಡುವಾಗ ಸ್ವೀಡನ್ನಿನ ಐದನೆಯ ಗುಸ್ತಾವ್ ದೊರೆಯು ಇವನನ್ನು ಜಗತ್ತಿನ ಅತಿಶ್ರೇಷ್ಠ ಪಟುವೆಂದು ಕೊಂಡಾಡಿದನೆಂದೂ, ಥಾರ್ಪ್ ಸರಳವಾಗಿ ದೊರೆಗೆ ಧನ್ಯವಾದ ಹೇಳಿದನೆಂದೂ ಕಥೆ. ಇದು ಪತ್ರಿಕೆಗಳಲ್ಲಿ ಕಾಣಿಸಿಕೊಂಡುದು ೧೯೪೮ರ ಹೊತ್ತಿಗೆ, ಅಂದರೆ ಮೂವತ್ತಾರು ವರ್ಷಗಳ ಬಳಿಕ. ಸಭಾಮರ್ಯಾದೆಗಳಿಂದ ದೂರವಿರಲು ಬಯಸುತ್ತಿದ್ದ ಥಾರ್ಪ್ ಹಾಗೆ ಮಾತನಾಡಿದನೆಂಬುದನ್ನು ಜೀವನಚರಿತ್ರಕಾರರು ಸಂದೇಹದಿಂದ ನೋಡುತ್ತಾರೆ. ಕಥೆ ನಿರುಪದ್ರವಿಯಾದುದು, ಅದನ್ನು ಅಲ್ಲಿಗೇ ಬಿಡಬಹುದು.

ನಿರುಪದ್ರವಿಯಲ್ಲದ ಕಥೆ ಇನ್ನೊಂದಿದೆ. ತಂಡವನ್ನು ಸ್ವೀಡನ್ನಿಗೆ ಒಯ್ದ ಫಿನ್‌ಲೆಂಡ್ ಎಂಬ ಹಡಗಿನಲ್ಲಿ ಇತರರೆಲ್ಲ ಅಭ್ಯಾಸದಲ್ಲಿ ಬೆವರುತ್ತಿದ್ದಾಗ ಥಾರ್ಪ್ ಮಲಗಿ ಕಾಲ ಕಳೆದನೆಂದು ಹೇಳುವುದುಂಟು. ಐಸೆನ್‌ಹೋವರ್‌ನು ಸಹ ೧೯೬೧ರಲ್ಲಿ ತನ್ನ ಹಳೆಯ ಎದುರಾಳಿಯನ್ನು ಸ್ಮರಿಸುತ್ತ, ಅವನು ಜನ್ಮದಲ್ಲಿ ಅಭ್ಯಾಸ ಮಾಡಿದವನಲ್ಲವೆಂದು ಮೆಚ್ಚಿಕೆಯಿಂದಲೇ ನುಡಿದನು. ಆದರೆ ಸ್ಟಾಕ್‌ಹೋಮಿನಲ್ಲಿ ೧೦೦ ಮತ್ತು ೨೦೦ ಮೀಟರ್ ಓಟಗಳನ್ನು ಗೆದ್ದ ರಾಲ್ಫ್ ಕ್ರೇಗ್, ತಾನೂ ಥಾರ್ಪ್‌ನೂ ಹಡಗಿನ ಮೇಲೆ ದಿನವೂ ಜೊತೆಯಾಗಿ ಓಡಿ ವ್ಯಾಯಾಮ ಮಾಡುತ್ತಿದ್ದುದನ್ನು ಸ್ಪಷ್ಟವಾಗಿ ನೆನೆದಿದ್ದಾನೆ. ಕಣ್ಣಾರೆ ಕಂಡವನ ಈ ಸಾಕ್ಷ್ಯವನ್ನು ಬದಿಗಿರಿಸಿ ಸೋಮಾರಿತನದ ಕಥೆಯೇ ಏಕೆ ಹಬ್ಬಿತು? ಬಿಳಿಯ ಪಟುವಿನ ಗೆಲುವಿಗೆ ಶ್ರಮ ಮತ್ತು ಬುದ್ಧಿ ಕಾರಣ, ಮೂಲನಿವಾಸಿಯ ಗೆಲುವಿಗೆ ಕಾಡಿನ ರಕ್ತ ಕಾರಣ ಎಂಬ ಪೂರ್ವಗ್ರಹವನ್ನು ಬಿಟ್ಟು ಬೇರೆ ಉತ್ತರ ನಮಗೆ ತೋರುವುದಿಲ್ಲ. ಹತ್ತು ಬಗೆಯ ಸ್ಪರ್ಧೆಗಳಲ್ಲಿ ಒಂದಕ್ಕೊಂದು ಹೋಲದ ಹತ್ತು ಕೌಶಲಗಳು ಬೇಕಾಗುತ್ತವೆ. ಅವುಗಳು ಯಾರಿಗೂ ಹುಟ್ಟಿನಿಂದ ಬರುವುದಿಲ್ಲ.

೬

೧೯೧೩ರ ಜನವರಿಯ ಉತ್ತರಾರ್ಧದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ನಗರದ ಪತ್ರಿಕೆಯೊಂದು, ಥಾರ್ಪ್ ಹಣ ಪಡೆದು ಬೇಸ್‌ಬಾಲ್ ಆಡಿದ್ದನೆಂದು ಪ್ರಕಟಿಸಿತು. ಉತ್ತರ ಕೆರೊಲಿನಾದಲ್ಲಿ ಅವನಿಗೆ ದೊರೆತ ಸಂಭಾವನೆ ಪಂದ್ಯಕ್ಕೆ ೨ ಡಾಲರಿನಿಂದ ವಾರಕ್ಕೆ ೩೫ ಡಾಲರಿನವರೆಗೆ ಇದ್ದಿತೆಂದು ಬೇರೆಬೇರೆ ವರದಿಗಳು ಹೇಳುತ್ತವೆ. ಒಲಿಂಪಿಕ್ ಕ್ರೀಡೆಗಳು ಹವ್ಯಾಸಿಗಳಿಗೆ ಮಾತ್ರ ಮೀಸಲಾಗಿದ್ದುವು. ಯಾವುದೇ ಆಟಕ್ಕಾಗಿ ಹಣ ಪಡೆದವನು ಹವ್ಯಾಸಿಯಲ್ಲವೆಂಬುದು ನಿಯಮ.

ಈ ಹವ್ಯಾಸಿ ತತ್ತ್ವದ ಮೂಲವನ್ನು ಅರಸಿದರೆ ನಾವು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ. ಅಲ್ಲಿನ ಕೆಲವು ಕ್ರೀಡಾಸಂಘಗಳು ಕುಶಲಕರ್ಮಿಗಳನ್ನೂ ಕೂಲಿಕಾರರನ್ನೂ ಅವರ ವೃತ್ತಿಯ ಕಾರಣದಿಂದಲೇ ಹವ್ಯಾಸಿಗಳ ಗಣದಿಂದ ಹೊರಗಿಟ್ಟಿದ್ದುವು. ಉಂಡುಟ್ಟು ಬಿಡುವಾಗಿರುವವನಿಗೆ ಆಟವು ವಿನೋದ; ದುಡಿದು ತಿನ್ನುವವನಿಗೆ ಕೈಯಲ್ಲಿರುವ ಚೆಂಡೂ ದುಡಿಮೆಯ ಸಾಧನವೇ. ಇವರಿಬ್ಬರನ್ನೂ ಒಂದೇ ನಿಯಮದಿಂದ ಅಳೆದಾಗ ಅಳತೆಗೋಲು ಯಾರ ಪರವಾಗಿರುವುದೆಂಬುದು ಸ್ಪಷ್ಟ. ಅಂದಿನ ಅಮೆರಿಕದ ಕಾಲೇಜು ಹುಡುಗರಲ್ಲಿ ಅನೇಕರು ಬೇಸಗೆಯಲ್ಲಿ ಹಣಕ್ಕಾಗಿ ಬೇಸ್‌ಬಾಲ್ ಆಡುತ್ತಿದ್ದುದು ಎಲ್ಲರೂ ಬಲ್ಲ ಗುಟ್ಟು. ಅವರಲ್ಲಿ ಹಲವರು ಸುಳ್ಳು ಹೆಸರುಗಳಲ್ಲಿ ಆಡಿ ಪಾರಾದರು. ಥಾರ್ಪ್ ಆಡಿದುದು ತನ್ನ ಹೆಸರಿನಲ್ಲಿಯೇ.

ಅಮೆಚೂರ್ ಅಥ್ಲೆಟಿಕ್ ಯೂನಿಯನ್ನಿನ ಕಾರ್ಯದರ್ಶಿ ಜೇಮ್ಸ್ ಸಲಿವನ್‌ನಿಗೆ ಥಾರ್ಪ್‌ನ ಹೆಸರಿನಲ್ಲಿ ಒಂದು ಪತ್ರ ಹೋಯಿತು. ತಾನು ಇಂತಹ ವಿಷಯಗಳನ್ನರಿಯದ ಬಡ ಇಂಡಿಯನ್ ಶಾಲಾಬಾಲಕ, ಆದುದರಿಂದ ಕ್ಷಮಿಸಬೇಕು ಎಂಬುದು ಅದರ ಸಾರಾಂಶ. ಪತ್ರದ ಒಕ್ಕಣೆಯಲ್ಲಿ ವಾರ್ನರ್‌ನ ಕೈವಾಡವಿತ್ತೆಂಬುದು ಅನೇಕ ಸಂಶೋಧಕರ ಅಭಿಪ್ರಾಯ. ಪತ್ರವು ಯಾರ ಹಿತವನ್ನು ಕಾಪಾಡುತ್ತದೆಂಬುದನ್ನು ನೋಡಿದರೆ ಈ ಅಭಿಪ್ರಾಯ ಸಾಧುವೆಂದೇ ತೋರುತ್ತದೆ. ತಪ್ಪನ್ನೆಲ್ಲ ಹುಡುಗನ ಅಜ್ಞಾನದ ಮೇಲೆ ಹೊರಿಸಿದಾಗ ಶಾಲೆಯೂ ಶಿಕ್ಷಕನೂ ಯೂನಿಯನ್ನೂ ಒಟ್ಟಿಗೇ ನಿರ್ದೋಷಿಗಳಾಗುತ್ತಾರೆ. ತನ್ನ ತಂಡದ ಅತ್ಯುತ್ತಮ ಆಟಗಾರನು ಎರಡು ವರ್ಷ ಎಲ್ಲಿದ್ದನೆಂಬುದು ವಾರ್ನರ್‌ನಂತಹ ಶಿಕ್ಷಕನಿಗೆ ತಿಳಿಯದೆ ಹೋಯಿತೆಂದರೆ ನಂಬುವುದು ಕಷ್ಟ. ಮರುವರ್ಷ, ಎಂದರೆ ೧೯೧೪ರಲ್ಲಿ, ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯೊಂದು ಕಾರ್ಲೈಲಿನ ವ್ಯವಹಾರಗಳನ್ನು ವಿಚಾರಣೆ ಮಾಡಿದಾಗ, ಫುಟ್‌ಬಾಲಿನ ಆದಾಯದಿಂದ ನಡೆಯುತ್ತಿದ್ದ ಕ್ರೀಡಾನಿಧಿಯಿಂದ ಆಟಗಾರರಿಗೆ ಹಣ ಸಂದಿದ್ದುದು ಬಯಲಾಯಿತು. ವಾರ್ನರ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ತೆರಳಿ ತನ್ನ ಕೀರ್ತಿಯನ್ನು ಮುಂದುವರಿಸಿದನು. ದಂಡ ತೆತ್ತವನು ಶಿಷ್ಯನೊಬ್ಬನೇ.

ಇನ್ನು ಕಾನೂನಿನ ಮಾತು. ಸ್ಟಾಕ್‌ಹೋಮ್ ಕ್ರೀಡೆಗಳ ನಿಯಮಪುಸ್ತಕದಂತೆ, ಪಟುವಿನ ಹವ್ಯಾಸಿತ್ವವನ್ನು ಪ್ರಶ್ನಿಸುವ ಆಕ್ಷೇಪಣೆಯನ್ನು ಕ್ರೀಡೆಗಳು ಮುಗಿದ ೩೦ ದಿನಗಳೊಳಗೆ ಸಲ್ಲಿಸಬೇಕಿತ್ತು. ಪತ್ರಿಕಾವರದಿ ಬಂದುದೇ ಸುಮಾರು ಆರು ತಿಂಗಳ ತರುವಾಯ. ಆದುದರಿಂದ, ಹಣ ಪಡೆದುದು ನಿಜವೆಂದೇ ಇಟ್ಟುಕೊಂಡರೂ, ಪದಕಗಳನ್ನು ಹಿಂಪಡೆಯುವ ಅಧಿಕಾರ ಯಾರಿಗೂ ಉಳಿದಿರಲಿಲ್ಲ. ನಿಯಮ ಮುರಿದನೆಂದು ಥಾರ್ಪ್‌ನನ್ನು ಶಿಕ್ಷಿಸಿದವರೇ ಇಲ್ಲಿ ನಿಯಮವನ್ನು ಮುರಿದರು. ಯೂನಿಯನ್ನು ಅವನ ಹವ್ಯಾಸಿ ಸ್ಥಾನವನ್ನು ರದ್ದುಮಾಡಿತು. ಪದಕಗಳೂ ದೊರೆಗಳು ನೀಡಿದ್ದ ಪಾರಿತೋಷಕಗಳೂ ಹಿಂದಿರುಗಿ ಹೋದುವು. ದಾಖಲೆಗಳಿಂದ ಅವನ ಹೆಸರನ್ನು ಅಳಿಸಲಾಯಿತು. ಪೆಂಟಾಥ್ಲಾನಿನ ಚಿನ್ನವು ನಾರ್ವೆಯ ಫರ್ಡಿನಾಂಡ್ ಬೀಗೂ ಡೆಕಾಥ್ಲಾನಿನ ಚಿನ್ನವು ವೀಸ್‌ಲಾಂಡರ್‌ಗೂ ಸಂದಿತು. ವೀಸ್‌ಲಾಂಡರ್‌ನು ಅದನ್ನು ತನ್ನದೆಂದು ಎಂದೂ ಒಪ್ಪಲಿಲ್ಲವೆಂಬುದು ಆ ಸ್ಪರ್ಧಿಯ ಘನತೆಗೆ ಸಾಕ್ಷಿ.

೭

ಹವ್ಯಾಸಿಯಲ್ಲವೆಂದು ಹೊರಗಟ್ಟಿದ ಮೇಲೆ ಥಾರ್ಪ್ ವೃತ್ತಿಪರನಾಗದೆ ಗತಿಯಿರಲಿಲ್ಲ. ೧೯೧೩ರಿಂದ ೧೯೧೯ರವರೆಗೆ ನ್ಯೂಯಾರ್ಕ್ ಜಯಂಟ್ಸ್ ಮೊದಲಾದ ದೊಡ್ಡ ಬೇಸ್‌ಬಾಲ್ ತಂಡಗಳಲ್ಲಿ ಆಡಿದನು. ೧೯೧೫ರಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್ ಬುಲ್‌ಡಾಗ್ಸ್ ಫುಟ್‌ಬಾಲ್ ತಂಡವು ಪಂದ್ಯಕ್ಕೆ ೨೫೦ ಡಾಲರಿನಂತೆ ಅವನನ್ನು ಗೊತ್ತುಮಾಡಿಕೊಂಡಿತು. ೧೯೨೦ರಲ್ಲಿ ವೃತ್ತಿಪರ ಫುಟ್‌ಬಾಲಿನ ಸಂಘ ಸ್ಥಾಪಿತವಾದಾಗ ಅದರ ಪ್ರಥಮ ಅಧ್ಯಕ್ಷನಾಗಿ ಆಯ್ಕೆಯಾದವನು ಥಾರ್ಪ್. ಇಂದು ಅಪಾರ ಸಂಪತ್ತಿನ ಒಡೆತನವುಳ್ಳ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರನ್ನು ಆ ಸಂಘ ತಳೆದುದು ೧೯೨೨ರಲ್ಲಿ. ೧೯೨೮ರಲ್ಲಿ ಥಾರ್ಪ್ ಆಟದಿಂದ ನಿವೃತ್ತನಾದನು.

ಮುಂದಿನ ಕಾಲು ಶತಮಾನವು ದುಃಖದ ಕಥನ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಲಾಸ್ ಏಂಜಲೀಸಿನಲ್ಲಿ ಮಣ್ಣು ಅಗೆಯುವ ಕೂಲಿ ಮಾಡಿದನು. ಚಲನಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ವಹಿಸಿದನು. ಮದ್ಯವೂ ಅವನನ್ನು ಕಾಡಿತು. ಅದೇ ನಗರದಲ್ಲಿ ೧೯೩೨ರ ಒಲಿಂಪಿಕ್ಸ್ ನಡೆದಾಗ ಟಿಕೆಟು ಕೊಳ್ಳುವ ಶಕ್ತಿ ಅವನಿಗಿರಲಿಲ್ಲವೆಂದೂ, ಕ್ರೀಡೆಗಳನ್ನು ಉದ್ಘಾಟಿಸಿದ ಉಪಾಧ್ಯಕ್ಷ ಚಾರ್ಲ್ಸ್ ಕರ್ಟಿಸ್, ಸ್ವತಃ ಮೂಲನಿವಾಸಿ ವಂಶದ ಸಂಬಂಧವುಳ್ಳವನು, ಅವನನ್ನು ತನ್ನೊಡನೆ ಕೂರಿಸಿಕೊಂಡನೆಂದೂ ವರದಿಗಳಿವೆ. ೧೯೫೦ರಲ್ಲಿ ಅಸೋಸಿಯೇಟೆಡ್ ಪ್ರೆಸ್ ನಡೆಸಿದ ಮತಗಣನೆಯಲ್ಲಿ ಅರ್ಧಶತಮಾನದ ಶ್ರೇಷ್ಠ ಪಟುವೆಂದು ಅವನೇ ಆಯ್ಕೆಯಾದನು. ೧೯೫೧ರಲ್ಲಿ ಅವನ ಜೀವನವನ್ನು ಕುರಿತ ಚಲನಚಿತ್ರ ತೆರೆಕಂಡಿತು. ಕಥೆಯ ಹಕ್ಕನ್ನು ಹಿಂದೆಯೇ ಅಲ್ಪ ಬೆಲೆಗೆ ಮಾರಿದ್ದ ಅವನಿಗೆ ಅದರಿಂದ ಲಾಭವಾಗಲಿಲ್ಲ. ೧೯೫೩ರ ಮಾರ್ಚ್ ೨೮ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡನು.

ಮರಣದ ಅನಂತರವೂ ಅವನಿಗೆ ವಿಶ್ರಾಂತಿ ದೊರೆಯಲಿಲ್ಲ. ಓಕ್ಲಹೋಮಾದಲ್ಲಿ ಸ್ಯಾಕ್ ಅಂಡ್ ಫಾಕ್ಸ್ ಸಂಪ್ರದಾಯದ ಅಂತ್ಯವಿಧಿಗಳು ನಡೆಯುತ್ತಿದ್ದಾಗಲೇ ಮೂರನೆಯ ಪತ್ನಿ ಶವಪೆಟ್ಟಿಗೆಯನ್ನು ಅಲ್ಲಿಂದ ತೆಗೆಸಿದಳು. ಕೊನೆಗೆ ಪೆನ್ಸಿಲ್ವೇನಿಯದ ಮಾಕ್ ಚಂಕ್ ಎಂಬ ಸೊರಗಿದ ಗಣಿಯೂರು, ಪ್ರವಾಸಿಗಳನ್ನು ಸೆಳೆಯುವ ಆಸೆಯಿಂದ ಅವನ ಕಳೇಬರಕ್ಕೆ ನೆಲೆಯಿತ್ತು, ೧೯೫೪ರಲ್ಲಿ ಜಿಮ್ ಥಾರ್ಪ್ ಎಂದೇ ಹೆಸರು ಬದಲಿಸಿಕೊಂಡಿತು. ಅವಶೇಷಗಳನ್ನು ತಾಯ್ನೆಲಕ್ಕೆ ಒಯ್ಯಲು ಮಕ್ಕಳು ೨೦೧೦ರಲ್ಲಿ ಹೂಡಿದ ದಾವೆಯಲ್ಲಿ ೨೦೧೩ರಲ್ಲಿ ಜಯ ಸಿಕ್ಕಿತಾದರೂ, ಮೇಲಿನ ನ್ಯಾಯಾಲಯವು ೨೦೧೪ರಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಚಾರಣೆಗೆ ಒಪ್ಪಲಿಲ್ಲ. ಬಾಲ್ಯದಲ್ಲಿ ಊರಿನಿಂದ ದೂರ ಒಯ್ದು ಶಾಲೆಗೆ ಸೇರಿಸಿದಂತೆಯೇ, ಸತ್ತ ಮೇಲೂ ಊರಿನಿಂದ ದೂರ ಒಯ್ದು ಹೂಳಲಾಯಿತು.

೮

ಪದಕಗಳ ಪುನಃಪ್ರಾಪ್ತಿಯ ಕಥೆಯು ಮೂರು ಮೆಟ್ಟಿಲುಗಳಲ್ಲಿ ಸಾಗಿತು. ಸ್ಟಾಕ್‌ಹೋಮಿನ ಪೆಂಟಾಥ್ಲಾನಿನಲ್ಲಿ ಥಾರ್ಪ್‌ನೊಡನೆ ಸ್ಪರ್ಧಿಸಿ ಆರನೆಯವನಾಗಿದ್ದ ಏವರಿ ಬ್ರಂಡೇಜ್, ೧೯೫೨ರಿಂದ ೧೯೭೨ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದನು. ಅಜ್ಞಾನವು ಅಪರಾಧಕ್ಕೆ ಸಮಾಧಾನವಲ್ಲವೆಂಬುದು ಅವನ ನಿಲುವು. ಅವನು ನಿವೃತ್ತನಾದ ಮರುವರ್ಷ, ೧೯೭೩ರಲ್ಲಿ, ಅಮೆಚೂರ್ ಅಥ್ಲೆಟಿಕ್ ಯೂನಿಯನ್ನು ಥಾರ್ಪ್‌ನ ಹವ್ಯಾಸಿ ಸ್ಥಾನವನ್ನು ಮರಳಿಸಿತು. ಇದು ಮೊದಲನೆಯ ಮೆಟ್ಟಿಲು.

ಎರಡನೆಯದನ್ನು ಕಟ್ಟಿದವರು ಇಬ್ಬರು ಸಂಶೋಧಕರು. ಥಾರ್ಪ್‌ನ ಜೀವನಚರಿತ್ರಕಾರ ರಾಬರ್ಟ್ ವೀಲರ್ ಮತ್ತು ಅವನ ಪತ್ನಿ ಫ್ಲಾರೆನ್ಸ್ ರಿಡ್‌ಲನ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ೧೯೧೨ರ ನಿಯಮಪುಸ್ತಕವನ್ನು ಪತ್ತೆಮಾಡಿ, ೩೦ ದಿನಗಳ ವಿಧಿಯನ್ನು ಮುಂದಿಟ್ಟರು. ಅಲ್ಲಿಯವರೆಗೆ ಥಾರ್ಪ್‌ನ ಪರವಾದ ವಾದಗಳೆಲ್ಲ ಕರುಣೆಯನ್ನು ಬ

ೇಡುತ್ತಿದ್ದುವು, ಪುಸ್ತಕ ಸಿಕ್ಕಿದ ಮೇಲೆ ವಾದವು ನ್ಯಾಯವನ್ನು ಕೇಳಿತು. ೧೯೮೨ರ ಅಕ್ಟೋಬರಿನಲ್ಲಿ ಒಲಿಂಪಿಕ್ ಸಮಿತಿ ಒಪ್ಪಿತು. ೧೯೮೩ರ ಜನವರಿ ೧೮ರಂದು ಪದಕಗಳ ಪ್ರತಿಕೃತಿಗಳನ್ನು ಅವನ ಮಕ್ಕಳಿಗೆ ನೀಡಲಾಯಿತು. ಆದರೆ ಬೀ ಮತ್ತು ವೀಸ್‌ಲಾಂಡರ್‌ರೊಡನೆ ಸಹವಿಜೇತನೆಂದು ಮಾತ್ರ ಅವನನ್ನು ಘೋಷಿಸಿತು. ಏಳುನೂರು ಅಂಕಗಳ ಅಂತರದಿಂದ ಗೆದ್ದವನು ಸೋತವರ ಸರಿಸಮನಾದನು.

ಈ ಅರೆನ್ಯಾಯವು ಕೊನೆಗೊಂಡುದು ೨೦೨೨ರ ಜುಲೈ ೧೫ರಂದು, ಡೆಕಾಥ್ಲಾನ್ ವಿಜಯದ ನೂರಹತ್ತನೆಯ ವಾರ್ಷಿಕದ ದಿನ. ಮೂಲನಿವಾಸಿಗಳ ಬ್ರೈಟ್ ಪಾತ್ ಸ್ಟ್ರಾಂಗ್ ಎಂಬ ಸಂಸ್ಥೆಯ ಪ್ರಯತ್ನದಿಂದಲೂ, ಸ್ವೀಡನ್ ಮತ್ತು ನಾರ್ವೆಯ ಕ್ರೀಡಾಸಂಸ್ಥೆಗಳ ಮತ್ತು ವೀಸ್‌ಲಾಂಡರ್ ಕುಟುಂಬದ ಸಮ್ಮತಿಯಿಂದಲೂ, ಥಾರ್ಪ್‌ನೊಬ್ಬನೇ ಎರಡೂ ಸ್ಪರ್ಧೆಗಳ ವಿಜೇತನೆಂದು ಸಮಿತಿಯು ಸಾರಿತು. ಆ ಸಂಸ್ಥೆಯ ಹೆಸರು ವಾ-ಥೊ-ಹಕ್ ಎಂಬ ಮೂಲನಾಮದ ಅರ್ಥವನ್ನೇ ಹೊತ್ತಿರುವುದು ಗಮನಾರ್ಹ. ೨೦೨೪ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರು ಸ್ವಾತಂತ್ರ್ಯ ಪದಕವನ್ನು ಮರಣೋತ್ತರವಾಗಿ ಅವನಿಗೆ ನೀಡಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮೂಲನಿವಾಸಿ ಮಕ್ಕಳ ವಸತಿಶಾಲೆಗಳಿಗಾಗಿ ಸರಕಾರದ ಪರವಾಗಿ ಕ್ಷಮೆ ಯಾಚಿಸಿದರು. ಡಿಸೆಂಬರಿನಲ್ಲಿ ಕಾರ್ಲೈಲ್ ಶಾಲೆಯ ನಿವೇಶನವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ಮೇಲಣ ವಿವೇಚನೆಯಿಂದ ನಾವು ತಲಪುವ ನಿರ್ಣಯ ಹೀಗಿದೆ. ಥಾರ್ಪ್‌ನ ಕೀರ್ತಿಗೆ ಐತಿಹ್ಯದ ಆಸರೆ ಬೇಕಿಲ್ಲ. ಅಭ್ಯಾಸವಿಲ್ಲದೆ ಗೆದ್ದನೆಂಬ ಕಥೆಯನ್ನು ಬಿಟ್ಟರೆ ಅವನ ಸಾಧನೆ ಕುಗ್ಗುವುದಿಲ್ಲ. ಅದು ಶ್ರಮದ ಫಲವಾಗಿ ಇನ್ನೂ ಹಿರಿದಾಗುತ್ತದೆ. ಅರಿಯದೆ ತಪ್ಪಿದನೆಂಬ ಕಥೆಯನ್ನು ಬಿಟ್ಟರೆ ಅವನು ಕ್ಷಮೆಗೆ ಪಾತ್ರನಾಗಿ ನಿಲ್ಲದೆ ಹಕ್ಕುದಾರನಾಗಿ ನಿಲ್ಲುತ್ತಾನೆ. ನಮ್ಮ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಇದರಲ್ಲಿ ಗಮನಿಸಬೇಕಾದ ಅಂಶ ಮತ್ತೊಂದಿದೆ. ಅವನನ್ನು ನಿರ್ದೋಷಿಯೆಂದು ತೋರಿಸಿದ ಪುಸ್ತಕವು ರಹಸ್ಯವಾದ ಕಡತವಾಗಿರಲಿಲ್ಲ. ೧೯೧೨ರಲ್ಲಿಯೇ ಅಚ್ಚಾಗಿ ಹಂಚಿಕೆಯಾಗಿದ್ದ ಆ ಪುಸ್ತಕ, ದೇಶದ ಅತಿದೊಡ್ಡ ಗ್ರಂಥಾಲಯದಲ್ಲಿ ಎಪ್ಪತ್ತು ವರ್ಷ ಕಾದಿತ್ತು. ಅಷ್ಟು ಕಾಲ ಅವನನ್ನು ಹೊಗಳಿದವರಿಗೂ ತೆಗಳಿದವರಿಗೂ ಕೊರತೆಯಿರಲಿಲ್ಲ. ಆ ಪುಟವನ್ನು ತೆರೆದು ಓದುವವರು ಬರುವುದು ಮಾತ್ರ ತಡವಾಯಿತು. ಆ ವೇಳೆಗೆ ಥಾರ್ಪ್ ಗತಿಸಿ ಸುಮಾರು ಮೂವತ್ತು ವರ್ಷಗಳಾಗಿದ್ದುವು.